ಎಂಬತ್ತೆಂಟನೆಯ ಮೆಟ್ಟಿಲು

ಕಲ್ಲುಕೋಟೆಯ ಸುರಂಗ ರೈಲು ನಿಲ್ದಾಣ ವರ್ಷಕ್ಕೊಂದು ಮೆಟ್ಟಿಲಿನಷ್ಟು ಭೂಮಿಯೊಳಗೆ ಇಳಿಯುತ್ತಿತ್ತು. ಹಾಗಾಗಿ ಪ್ರತಿವರ್ಷ ಅದರ ಹುಟ್ಟುಹಬ್ಬದಂದು ಮೇಲ್ತುದಿಯಲ್ಲೊಂದು ಹೊಸ ಮೆಟ್ಟಿಲು ಕೂರಿಸುತ್ತಿದ್ದರು. ಕೂರಿಸಿದವರು ಅದೇ ದಿನ ತಳದಿಂದ ಎಲ್ಲೂ ಕೂರದೆ ಹತ್ತಿಬಂದರೆ ಮಾತ್ರ ನಿಲ್ದಾಣಕ್ಕೆ ಇನ್ನೊಂದು ವರ್ಷ ಆಯುಸ್ಸು.

ಗಾರೆ ಕೆಲಸದ ಗಿರಿಯಮ್ಮ ಮುಂಜಾನೆ ಎಂಬತ್ತೆಂಟನೆಯದನ್ನು ಕೂರಿಸಿದಳು. ಸಂಜೆಗೆ ಮಂಡಿ ಊದುತ್ತದೆಂದು ಈ ಸಲ ಬೆಳಿಗ್ಗೆಯೇ ಹತ್ತತೊಡಗಿದಳು. ತಳದ್ದು ಮೊದಲ ರೈಲು ಬಂದ ವರ್ಷದ್ದು. ಇಪ್ಪತ್ತಾರನೆಯದು ಸುರಂಗಕ್ಕೆ ನೀರು ನುಗ್ಗಿದ ವರ್ಷದ್ದು. ನಲವತ್ತೊಂದನೆಯದು ಅವಳ ಅವ್ವ ಕೂರಿಸಿದ ಕೊನೆಯದು.

ಅವಳು ಎಲ್ಲಾದರೂ ಕೂತರೆ ನಿಲ್ದಾಣ ಮುಚ್ಚುವ ಆದೇಶ ಹಿಡಿದು ಇಂಜಿನಿಯರ್ ತೇಜಪ್ಪ ಜೊತೆಗೇ ಹತ್ತುತ್ತಿದ್ದ. “ಕೂತ್ಕೊಳ್ಳಿ ಗಿರಿಯಮ್ಮ, ಮಂಡಿಗೂ ರಜೆ ಸಿಗುತ್ತೆ.”

“ಏದುಸಿರು ನಿಮ್ಗೆ ಬರ್ತೈತೆ ಸಾಮಿ, ನೀವೇ ಕೂತ್ಕೊಳ್ಳಿ.”

ಎಂಬತ್ತೇಳರಲ್ಲಿ ಅವಳು ನಿಂತುಬಿಟ್ಟಳು. ಮುಂದಿನದರ ಗಾರೆ ಇನ್ನೂ ಹಸಿಯಾಗಿತ್ತು, ತುಳಿದರೆ ಕಲ್ಲು ಜರುಗುತ್ತಿತ್ತು. ಪ್ರತಿಸಲ ಸಂಜೆ ಹತ್ತುತ್ತಿದ್ದವಳಿಗೆ ಅದು ಹೊಳೆದೇ ಇರಲಿಲ್ಲ. ತೇಜಪ್ಪ ಕೈ ಚಾಚಿದ. ಅವಳು ಹಿಡಿಯಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನೋಯುವ ಕಾಲನ್ನೇ ಊರಿ, ಇನ್ನೊಂದನ್ನು ಹೊಸ ಮೆಟ್ಟಿಲಿನಾಚೆ ರಸ್ತೆಗೇ ಇಟ್ಟು ಮೇಲೆದ್ದಳು.

ಆಮೇಲೆ ತಿರುಗಿ ಹೇಳಿದಳು: “ಹುಷಾರು ಸಾಮಿ, ತುಳೀಬ್ಯಾಡಿ. ಮುಂದಿನ ವರ್ಷದ್ದು ಅದರ ಮ್ಯಾಲೇ ಕೂರಬೇಕು.”