ಯಾಶಲ್ವೋದಲ್ಲಿ ಇಳಿಯುವವರು

ಚೆಕ್‌ಪೋಸ್ಟಿನ ಮುಂದೆ ವ್ಯಾನು ಗಕ್ಕನೆ ನಿಂತಾಗ ದಿಲ್ಸಿಯಾಳ ಮಗಳು ಅವಳ ತೊಡೆಯ ಮೇಲಿರಲಿಲ್ಲ, ಪಕ್ಕದ ಸೀಟಿನ ಅಜ್ಜಿಯ ಶಾಲಿನೊಳಗೆ ಗಡದ್ದಾಗಿ ನಿದ್ದೆ ಹೊಡೆಯುತ್ತಿದ್ದಳು. ಮೂರು ವರ್ಷದ ಹೆಯ್ಸಿ ಬೆಳಗ್ಗೆಯಿಂದ ಒಂದೇ ಸಮನೆ ರಚ್ಚೆ ಹಿಡಿದಿದ್ದಳು. ಅಜ್ಜಿ ಏನೂ ಕೇಳದೆ ಅವಳನ್ನೆತ್ತಿ ಎದೆಗವಚಿಕೊಂಡು, ಕೆಂಪು ಕಸೂತಿಯ ಶಾಲನ್ನು ಬಿಗಿದು ಕಟ್ಟಿಕೊಂಡಿದ್ದಳು. ಎದೆ ಮುಟ್ಟಿ ತೋರಿಸಿ 'ಪಷ್ಕು' ಎಂದಿದ್ದಳು, ಅದು ಅವಳ ಹೆಸರು. ಮುಂದಿನ ಬೆಟ್ಟದ ಕಡೆ ಕೈ ಮಾಡಿ 'ಯಾಶಲ್ವೋ' ಎಂದಿದ್ದಳು, ಅದು ಅವಳ ಊರು. ಉಳಿದದ್ದೆಲ್ಲ ಬೆಟ್ಟದವರ ತ್ಸೋತ್ಸಿಲ್ ಮಾತು, ದಿಲ್ಸಿಯಾಗೆ ಒಂದಕ್ಷರ ತಿಳಿಯದು. ದಕ್ಷಿಣ ಮೆಕ್ಸಿಕೊದ ನಮ್ಮ ಚಿಯಾಪಾಸಿನ ಬೆಟ್ಟಗಳಲ್ಲಿ ಊರಿಗೊಂದು ಕಸೂತಿ. ಹೂವಿನ ಸಾಲು ನೋಡಿ ಯಾರು ಎಲ್ಲಿಯವರೆಂದು ಹೇಳಬಹುದು, ನೋಡುವ ಕಣ್ಣಿದ್ದರೆ.

ದಿಲ್ಸಿಯಾ ತನ್ನ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡಳು. ಅವಳು ಹೊಂಡುರಾಸಿನವಳು. ಚೀಲದಲ್ಲಿದ್ದ ಮೆಕ್ಸಿಕೊ ಮತದಾರರ ಕಾರ್ಡು ಕದ್ದುಮುಚ್ಚಿ ಮಾಡಿಸಿದ್ದು. ಸಿಕ್ಕಿಬಿದ್ದರೆ ತಾಯಿ ಮಗಳಿಬ್ಬರನ್ನೂ ಊರಿಗೆ ಅಟ್ಟುತ್ತಾರೆ, ಊರಲ್ಲಿ ಅವಳ ಗಂಡನನ್ನು ಕೊಂದವರು ಇನ್ನೂ ಅದೇ ಬೀದಿಯಲ್ಲಿ ಓಡಾಡಿಕೊಂಡಿದ್ದಾರೆ. ಗಡಿ ದಾಟಿಸಿದವನು ಮೂರು ವಾರ ಕೂರಿಸಿಕೊಂಡು ಇಲ್ಲಿಯವರ ಮಾತಿನ ರಾಗ, ಇಲ್ಲಿಯ ರಾಷ್ಟ್ರಗೀತೆ ಎಲ್ಲ ಬಾಯಿಪಾಠ ಮಾಡಿಸಿದ್ದ. "ಹೆದರ್ಕೋಬೇಡ ಕಣಮ್ಮ. ನಿಮ್ಮೂರಿಂದ ಉತ್ತರದಲ್ಲಿ ಅಮೆರಿಕದ ಗಡಿ ನದೀವರೆಗೂ ಒಂದೇ ಭಾಷೆ, ಸ್ಪ್ಯಾನಿಷ್. ಬಾಯಿ ಬಿಟ್ರೆ ಸಾಕು, ನೀನು ಇಲ್ಲಿಯೋಳೇ. ಮಗು ಮಾತ್ರ ಬಾಯಿ ಬಿಡದ ಹಾಗೆ ನೋಡ್ಕೋ," ಎಂದಿದ್ದ.

ವಲಸೆ ಇಲಾಖೆಯ ಅಧಿಕಾರಿ ಬಗ್ಗಿ ಒಳಗೆ ಬಂದ. ನಗುಮುಖದ ಮನುಷ್ಯ. ನಗುವವರನ್ನು ಕಂಡರೇ ಅವಳಿಗೆ ಹೆಚ್ಚು ಭಯ.

"ಯಾವೂರಮ್ಮ?"

"ತಪಾಚುಲಾ, ಸಾಹೇಬ್ರೆ." ಕಾರ್ಡಿನಲ್ಲಿ ಬರೆಸಿದ್ದ ಊರನ್ನೇ ಹೇಳಿದಳು.

"ರಾಷ್ಟ್ರಗೀತೆ ಎರಡು ಸಾಲು ಹೇಳಿ ನೋಡೋಣ. ಬೇಜಾರ್ ಮಾಡ್ಕೋಬೇಡಿ, ಎಲ್ಲರ್ನೂ ಕೇಳ್ತೀವಿ."

ಅವಳು ಹೇಳಿದಳು. ಒಂದು ಪದವೂ ತಪ್ಪಲಿಲ್ಲ. ಅವನು ಕಾರ್ಡನ್ನು ಸರಿಯಾಗಿ ನೋಡದೆಯೇ ವಾಪಸು ಕೊಟ್ಟು ಅಜ್ಜಿಯ ಕಡೆ ತಿರುಗಿದ.

ಅವನು ಕೇಳಿದ್ದಕ್ಕೆಲ್ಲ ಪಷ್ಕು ಸುಮ್ಮನೆ ತಲೆಯಾಡಿಸಿದಳು. ಆಮೇಲೆ ರವಿಕೆಯೊಳಗಿಂದ ತನ್ನ ಕಾರ್ಡು ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟಳು. ಅಸಲಿ ಕಾರ್ಡು, ಪಾಪ.

"ಇಂಥದ್ದು ಸಂತೇಲೂ ಸಿಗುತ್ತೆ," ಅವನು ಅದನ್ನು ಬೆಳಕಿಗೆ ಹಿಡಿದು ನೋಡಿದ. "ಗ್ವಾಟೆಮಾಲಾದಿಂದ ಬಂದ್ಯಾ ಅಜ್ಜಿ? ಇಲ್ಲಿಂದ ದಕ್ಷಿಣದ ಕೊನೇವರೆಗೂ ನಾವೆಲ್ಲ ಸ್ಪ್ಯಾನಿಷ್‌ನೋರು. ಬ್ರೆಜಿಲ್‌ನೋರು ಪೋರ್ಚುಗೀಸ್ ಆಡ್ತಾರೆ, ಅದೂ ನಂಗೆ ಅರ್ಧ ತಿಳಿಯುತ್ತೆ. ಎರಡೂ ಬರಲ್ಲ ಅಂದ್ರೆ ನಿಂದು ಯಾವ ಲೋಕ?"

"ಸಾರ್, ಇಲ್ಲೇ ಮೇಲಿನ ಊರೋರ ಥರ ಕಾಣ್ತಾರೆ," ಡ್ರೈವರ್ ಮೆಲ್ಲಗೆ ಅಂದ.

"ನಿನ್ನ ಲೈಸೆನ್ಸ್ ತೆಗಿ."

ಡ್ರೈವರ್ ಲೈಸೆನ್ಸಿಗಾಗಿ ಜೇಬು ತಡಕತೊಡಗಿದ. ಹಿಂದಿನ ಸೀಟಿನವರು ಕಿಟಕಿಯಾಚೆ ನೋಡುತ್ತ ಕೂತರು.

"ಇಳಿ ಅಜ್ಜಿ. ಮಗೂನೂ ಕರ್ಕೊಂಡು ಇಳಿ."

ದಿಲ್ಸಿಯಾ ಸೀಟಿನಿಂದ ಅರ್ಧ ಎದ್ದಳು. "ಅದು ನನ್ನ ಮಗು ಸಾಹೇಬ್ರೆ."

"ನಿಮ್ಮದಾ?" ಅವನ ನಗು ನಿಂತಿತು. "ಹಾಗಾದ್ರೆ ಇವಳ ಹತ್ರ ಯಾಕಿದೆ? ಇವಳು ನಿಮಗೇನಾಗ್ಬೇಕು?"

ನನ್ನ ಅತ್ತೆ ಅಂದುಬಿಟ್ಟಿದ್ದರೆ ಆಗುತ್ತಿತ್ತೇನೋ. ಆ ಮಾತು ನಾಲಿಗೆಯ ತುದಿಯವರೆಗೆ ಬಂದಿತ್ತು ಕೂಡ. ಆದರೆ ಅತ್ತೆ ಅಂದರೆ ಎರಡೂ ಕಾರ್ಡು ಪಕ್ಕಪಕ್ಕ ಇಟ್ಟು ನೋಡುತ್ತಾನೆ, ಮಗುವನ್ನು ಎಬ್ಬಿಸಿ ಕೇಳುತ್ತಾನೆ. ಎದ್ದ ಹೆಯ್ಸಿ ಮೊದಲು ಹೇಳುವುದೇ ಊರಲ್ಲಿ ಬಿಟ್ಟುಬಂದ ನಾಯಿಯ ವಿಷಯ, ಅದೂ ಊರಿನ ಹೆಸರಿನ ಸಮೇತ. ಪಷ್ಕು ಅವಳ ಮುಖವನ್ನೇ ನೋಡುತ್ತಿದ್ದಳು.

"ಯಾರೋ ಗೊತ್ತಿಲ್ಲ," ದಿಲ್ಸಿಯಾ ಅಂದಳು. "ಮಗು ಅಳ್ತಿತ್ತು, ಸುಮ್ನೆ ಎತ್ಕೊಂಡ್ರು."

ಮಾತು ತಿಳಿಯದಿದ್ದರೂ ಪಷ್ಕುಗೆ ವಿಷಯ ತಿಳಿಯಿತು. ಮಗುವಿಗೆ ಎಚ್ಚರವಾಗದ ಹಾಗೆ ಶಾಲಿನ ಗಂಟು ಬಿಚ್ಚಿ, ಶಾಲಿನ ಸಮೇತ ದಿಲ್ಸಿಯಾಳ ತೋಳಿಗೆ ಕೊಟ್ಟಳು. ಕೆನ್ನೆಯ ಮೇಲೆ ಬಿದ್ದಿದ್ದ ಕೂದಲನ್ನು ಸರಿಸಿದಳು. ಹೊರಗೆ ಬೆಟ್ಟದ ಚಳಿಗಾಳಿ ಬೀಸುತ್ತಿತ್ತು, ಅವಳು ಬರೀ ರವಿಕೆಯಲ್ಲೇ ಇಳಿದಳು. ಅಧಿಕಾರಿ ಅವಳ ಹಿಂದೆ ಇಳಿಯುತ್ತ ಬಾಗಿಲಲ್ಲಿ ತಿರುಗಿದ.

"ಹುಷಾರಮ್ಮ. ಹೀಗೆಲ್ಲ ಪರದೇಶದೋರ ಕೈಗೆ ಮಗೂನ ಕೊಡ್ಬೇಡಿ. ಕಾಲ ಕೆಟ್ಟಿದೆ."

"ಆಯ್ತು ಸಾಹೇಬ್ರೆ," ಎಂದಳು ದಿಲ್ಸಿಯಾ.

ವ್ಯಾನು ಹೊರಟಿತು. ಪಾರಾದೆ ಎಂಬ ಸಮಾಧಾನ ಬರಬೇಕಿತ್ತು, ಬರಲಿಲ್ಲ. ಭಯವೂ ಹೋಗಲಿಲ್ಲ. ತನ್ನ ಮೇಲೆ ತನಗೇ ಅಸಹ್ಯವಾಗಿ ಶಾಲಿನಲ್ಲಿ ಮುಖ ಒತ್ತಿಕೊಂಡಳು. ಸೌದೆಹೊಗೆಯ, ಜೋಳದ ಹಿಟ್ಟಿನ ವಾಸನೆ ಮೂಗಿಗೆ ಬಡಿಯಿತು.

ಹತ್ತು ನಿಮಿಷವೂ ಆಗಿರಲಿಲ್ಲ. ತಿರುವು ದಾಟಿ ವ್ಯಾನು ನಿಧಾನವಾಯಿತು. "ಯಾಶಲ್ವೋ, ಯಾಶಲ್ವೋ ಇಳಿಯೋರಿದ್ದೀರಾ?" ಡ್ರೈವರ್ ರೂಢಿಯಂತೆ ಕೂಗಿ, ಆಮೇಲೆ ನಾಲಿಗೆ ಕಚ್ಚಿಕೊಂಡ. ಯಾರೂ ಏಳಲಿಲ್ಲ. ರಸ್ತೆ ಬದಿಯಲ್ಲಿ ಕಾಯುತ್ತಿದ್ದ ಹೆಂಗಸೊಬ್ಬಳು ಕಿಟಕಿಗೆ ಬಂದು ಇಣುಕಿದಳು. ಅವಳ ರವಿಕೆಯ ಮೇಲೂ ಅದೇ ಕೆಂಪು ಹೂವಿನ ಸಾಲು. ಅವಳ ಕಣ್ಣು ಒಂದೊಂದೇ ಸೀಟನ್ನು ದಾಟಿ ಬಂದು ದಿಲ್ಸಿಯಾಳ ಮಡಿಲಿನ ಶಾಲಿನ ಮೇಲೆ ನಿಂತಿತು. ಶಾಲು ತೋರಿಸಿ ಏನೋ ಕೇಳಿದಳು, ಮತ್ತೊಮ್ಮೆ ಜೋರಾಗಿ ಕೇಳಿದಳು.

ದಿಲ್ಸಿಯಾ ಬಾಯಿ ತೆರೆದಳು. ಅವಳಿಗೆ ಬರುತ್ತಿದ್ದದ್ದು ಸ್ಪ್ಯಾನಿಷ್ ಒಂದೇ.