ತಣ್ಣಗಿನ ಬೊಂಡ

ಮದುವೆಯಾದ ಹೊಸತರಲ್ಲೇ ತಿಪ್ಪೇಶ ಹೆಂಡತಿ ಗಿರಿಜಳಿಗೆ ಮಾತು ಕೊಟ್ಟಿದ್ದ: ಒಂದಲ್ಲ ಒಂದು ದಿನ ಕಡಲ ದಂಡೆಯಲ್ಲಿ ಕೂರಿಸಿ ಎಳನೀರು ಕುಡಿಸುತ್ತೇನೆ. ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಅಂತೂ ಚಿತ್ರದುರ್ಗದಿಂದ ಮಂಗಳೂರಿಗೆ ಹೊರಡುವ ಕಾಲ ಕೂಡಿಬಂತು. ಆದರೆ ಪ್ರವಾಸಿಗರಿಗೆ ಟೋಪಿ ಹಾಕುವವರ ಕತೆ ಕೇಳಿ ಕೇಳಿ ಅವನು ಯಾರನ್ನೂ ನಂಬದಂತಾಗಿದ್ದ.

ಕಡಲ ದಂಡೆಯಲ್ಲಿ ಸುಡುಬಿಸಿಲು. ಎಳನೀರಿನ ಗಾಡಿಯೊಂದೂ ಕಾಣದೆ ಗಿರಿಜಳ ಮುಖ ಬಾಡಿತ್ತು. ಒದ್ದೆ ಗೋಣಿ ಮುಚ್ಚಿದ ಬುಟ್ಟಿಯ ಹಿಂದಿನಿಂದ ಹೆಂಗಸೊಬ್ಬಳು ಕೂಗಿದಳು, "ತಣ್ಣಗಿನ ಬೊಂಡ ಉಂಟು ಅಕ್ಕಾ, ಕುಡಿದು ಹೋಗಿ ಮಾರಾಯ್ರೆ."

"ಬೋಂಡ ಕುಡಿಯೋದಾ?" ಗಿರಿಜ ನಿಂತಳು.

"ಬಾರೇ ಸುಮ್ನೆ! ಏನೋ ಕಲಸಿ ಕುಡಿಸ್ತಾರೆ. ಎಚ್ಚರ ಆಗೋ ಹೊತ್ತಿಗೆ ಕೊರಳಲ್ಲಿ ಸರ ಇರಲ್ಲ."

"ಅಲ್ರೀ, ತಣ್ಣಗಾಗಿರೋ ಬೋಂಡನೂ ಇಷ್ಟು ಜಂಬದಿಂದ ಮಾರ್ತಾರಲ್ಲ!"

ನಗುತ್ತಲೇ ಇಬ್ಬರೂ ಊರಿನ ಬಸ್ಸು ಹತ್ತಿದರು. ಮಂಗಳೂರು ದಾಟಿದ ಮೇಲೆ ಗಿರಿಜ ಪಕ್ಕದ ಸೀಟಿನಲ್ಲಿದ್ದ ಅಲ್ಲಿಯವರೇ ಆದ ಅಜ್ಜಿಗೆ ಈ ತಮಾಷೆ ಹೇಳಿದಳು. ಅಜ್ಜಿಗೆ ನಗು ಬರಲಿಲ್ಲ.

"ಬೊಂಡ ಕುಡಿಯದೆ ಮತ್ತೆಂತ ಮಾಡುವುದು? ನಿಮ್ಮ ಕಡೆ ಎಳನೀರು ಅಂತ ಹೇಳ್ತಾರಲ್ಲ, ಅದೇ ಮಗಾ."

ತಿಪ್ಪೇಶ ಕೊಟ್ಟ ಮಾತು ನಡೆಸಲಿಲ್ಲ.