ಮೂರಡಿಯ ಯಂತ್ರ

ಡ್ಯೂಟಿಯ ಬಿಡುವಿನಲ್ಲಿ ಗುಂಡಿ ತೋಡುವ ದಂಧೆಗೆಂದು ಆ ಬಸ್ ಕಂಡಕ್ಟರ್ ಯಂತ್ರ ಆರಿಸಿದಷ್ಟು ನಾಜೂಕಾಗಿ ಯಾವ ರಾಜನೂ ಸೊಸೆಯನ್ನು ಆರಿಸಿಲ್ಲ. ಬೆಕ್ಕೂ ಉಸಿರು ಬಿಗಿಹಿಡಿದು ನುಸುಳುವ ಓಣಿಗಳನ್ನೆಲ್ಲ ಟೇಪು ಹಿಡಿದು ಅಳೆದು, ಸಾವಿರ ಯಂತ್ರಗಳಿಗೆ ಮೂಗು ಮುರಿದು, ಮೂರಡಿ ಅಗಲದ್ದೊಂದನ್ನು ತಂದ.

ಮೊದಲ ಕೆಲಸ, ಓಣಿಯ ಕೊನೆಯ ಮನೆಯ ಅಜ್ಜಿಗೆ ಪಾಯಖಾನೆ ಗುಂಡಿ. ಗೋಡೆಗೆ ಗೀರೂ ಬೀಳದಂತೆ ಅಂಗಳ ಹೊಕ್ಕ ಯಂತ್ರ ಮಧ್ಯಾಹ್ನದೊಳಗೆ ಪಾತಾಳ ಮುಟ್ಟಿತು. ಐದಕ್ಕೆ ಡ್ಯೂಟಿ, ಈ ಸಲ ತಪ್ಪಿದರೆ ನೌಕರಿಯೇ ಇಲ್ಲ.

ಅಜ್ಜಿ ಕಿಟಕಿಯಿಂದ ಕೇಳಿದಳು: "ಮಣ್ಣಿನ ಗುಡ್ಡಾ ನನ್ನ ಬಾಗಲಾ ಮುಚ್ಚೇತಲ್ಲೋ ತಮ್ಮಾ, ಯಾವಾಗ ಒಯ್ಯತಿ?"

"ಈಗ ಟ್ರ್ಯಾಕ್ಟರ್ ಬರತೈತಿ, ಆಯಿ."

"ಯಾವ ದಾರೀಲೆ?"

ಅವನು ಮೂರೂವರೆ ಅಡಿಯ ಓಣಿ ನೋಡಿದ, ಗಡಿಯಾರ ನೋಡಿದ.

ಕಿಟಕಿಯಿಂದ ಒಂದು ಬಿದಿರು ಬುಟ್ಟಿ ಹೊರಬಂತು.